ವಾಸಿಯಾಗದ ಬಾಯಿಹುಣ್ಣು

ಬಾಯಿಹುಣ್ಣಿನ ಬಾಧೆಯನ್ನು ಒಮ್ಮೆಯೂ ಅರಿಯದ ಮನುಷ್ಯರು ವಿರಳ. ತುಟಿಯ ಒಳಮಗ್ಗುಲಲ್ಲಿಯೋ ನಾಲಗೆಯ ಅಂಚಿನಲ್ಲಿಯೋ ಸಣ್ಣ ಬಿಳಿಯ ಚುಕ್ಕೆಯೊಂದು ಕಾಣಿಸಿಕೊಂಡು, ಅದರ ಸುತ್ತಲೂ ಕೆಂಪೇರಿ, ಎರಡು ತುತ್ತು ಸಾರನ್ನವನ್ನೂ ನೆಮ್ಮದಿಯಿಂದ ಉಣ್ಣಗೊಡದೆ ಕೆಲವು ದಿನ ಕಾಡಿ, ಬಂದಂತೆಯೇ ಮಾಯವಾಗುತ್ತದೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಮನೆಯ ಹಿರಿಯರಲ್ಲಿ ಉತ್ತರ ಸಿದ್ಧವಾಗಿರುತ್ತದೆ: "ದೇಹಕ್ಕೆ ಉಷ್ಣವಾಗಿದೆ." ಆಂಧ್ರದ ಗಡಿಗೆ ಅಂಟಿಕೊಂಡಿರುವ ನಮ್ಮ ಗೌರಿಬಿದನೂರು ತಾಲ್ಲೂಕಿನಲ್ಲಿ ಕನ್ನಡದ ಮನೆಗಳಲ್ಲಿ ಇದು ಉಷ್ಣ, ತೆಲುಗು ಮನೆಮಾತಿನವರಲ್ಲಿ ವೇಡಿ. ಹೆಸರು ಎರಡಾದರೂ ಚಿಕಿತ್ಸೆ ಒಂದೇ: ಮಜ್ಜಿಗೆ, ಎಳನೀರು, ನೆನೆಸಿದ ಕಾಮಕಸ್ತೂರಿ ಬೀಜ, ಒಂದಿಷ್ಟು ತುಪ್ಪ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಉಷ್ಣವೆಂಬ ಮಾತು ಕಿವಿಗೆ ಬಿದ್ದೊಡನೆ ಉಷ್ಣಮಾಪಕದ ನೆನಪಾಗುವುದು ಸಹಜ. ಸಾಧಾರಣ ಬಾಯಿಹುಣ್ಣಾದವನ ನಾಲಗೆಯ ಅಡಿಯಲ್ಲಿ ಉಷ್ಣಮಾಪಕವನ್ನಿಟ್ಟು ನೋಡಿದರೆ ಅದು ಎಂದಿನಂತೆ ೩೭ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸನ್ನೇ ತೋರಿಸುತ್ತದೆ. ಅಂದಮೇಲೆ ಹಿರಿಯರು ಹೇಳುವ ಉಷ್ಣವು ಅಳೆಯಬಹುದಾದ ಉಷ್ಣವಲ್ಲ. ತಿಳಿಯದ ಕಾರಣಕ್ಕೆ ಇಟ್ಟುಕೊಂಡ ಒಂದು ಹೆಸರು. ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ನಾಲ್ಕಾರು ದಿನಗಳಲ್ಲಿ ತಾನಾಗಿ ಮಾಯುವ ಹುಣ್ಣಿಗೆ ಯಾವ ಹೆಸರನ್ನಿಟ್ಟರೂ ಹಾನಿಯಿಲ್ಲ. ಮಜ್ಜಿಗೆ ಕುಡಿದು ಕೆಟ್ಟವರೂ ಇಲ್ಲ. ಆದರೆ ಮಾಯದ ಹುಣ್ಣಿಗೂ ಅದೇ ಹೆಸರನ್ನಿಟ್ಟು ಸುಮ್ಮನೆ ಕುಳಿತರೆ ಆಗುವ ಹಾನಿ ಅಷ್ಟಿಷ್ಟಲ್ಲ.

ನಾವು ವೈದ್ಯರಲ್ಲ. ವೈದ್ಯವಿಜ್ಞಾನವು ಕಂಡುಕೊಂಡಿರುವ ಸಂಗತಿಗಳನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ಕ್ರಮವಾಗಿ ಜೋಡಿಸಿ ತೋರಿಸುವುದಷ್ಟೇ ನಮ್ಮ ಉದ್ದೇಶ. ಈ ಉದ್ದೇಶ ನಮಗೆ ಉಂಟಾದ ಸಂದರ್ಭವನ್ನು ಮೊದಲು ಹೇಳಬೇಕು.

ಒಬ್ಬ ವಿದ್ಯಾರ್ಥಿ, ಎರಡು ಹುಣ್ಣು

ಗೌರಿಬಿದನೂರು ತಾಲ್ಲೂಕಿನಲ್ಲಿ ಕುಡುಮಲಕುಂಟೆ ಎಂಬ ಊರಿದೆ. ಹೊಲಗಳ ನಡುವೆ ಈಗ ಅಲ್ಲಿ ಕೈಗಾರಿಕಾ ಪ್ರದೇಶವೂ ತಲೆಯೆತ್ತಿದೆ. ಆ ಕಡೆಯಿಂದ ನಮ್ಮ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಒಂದು ದಿನ ಪಾಠ ಮುಗಿದ ಮೇಲೆ ತುಟಿಗೆ ಕರವಸ್ತ್ರವನ್ನು ಒತ್ತಿಕೊಂಡು ನಮ್ಮ ಬಳಿಗೆ ಬಂದನು. ತಿಂಗಳಿಗೊಮ್ಮೆ ತಪ್ಪದೆ ಅವನ ಬಾಯಲ್ಲಿ ಮೂರು ನಾಲ್ಕು ಹುಣ್ಣುಗಳೇಳುತ್ತಿದ್ದುವು. ಪರೀಕ್ಷೆ ಹತ್ತಿರವಾದಂತೆ ಅವು ಇನ್ನೂ ಹೆಚ್ಚುತ್ತಿದ್ದುವು. ತನ್ನ ಸಂಕಟವನ್ನೆಲ್ಲ ವಿವರವಾಗಿ ಹೇಳಿ ಹೊರಡುವಾಗ ಅವನು ಇನ್ನೊಂದು ಮಾತನ್ನು ಸೇರಿಸಿದನು: "ನಮ್ಮ ಅಜ್ಜಿಯ ಬಾಯಲ್ಲಿಯೂ ಒಂದು ಹುಣ್ಣಿದೆ. ಯುಗಾದಿಯಿಂದಲೂ ಇದೆ. ಆದರೆ ಅವರಿಗೆ ನೋವೇ ಇಲ್ಲ, ಪುಣ್ಯವಂತರು." ಆಗ ಗಣೇಶನ ಹಬ್ಬ ಹತ್ತಿರ ಬಂದಿತ್ತು. ಅವನೂ ನಕ್ಕನು, ನಾವೂ ನಕ್ಕೆವು. ಅವನ ಹುಣ್ಣಿನ ವಿಷಯವಾಗಿ ಹತ್ತು ಪ್ರಶ್ನೆ ಕೇಳಿದ ನಾವು ಅಜ್ಜಿಯ ಹುಣ್ಣಿನ ವಿಷಯವಾಗಿ ಒಂದನ್ನೂ ಕೇಳಲಿಲ್ಲ.

ಆ ಎರಡು ಹುಣ್ಣುಗಳಲ್ಲಿ ಭಯಪಡಬೇಕಾದುದು ಯಾವುದು? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಹುಣ್ಣು ಮಾಯುವುದೆಂದರೇನು ಎಂಬುದನ್ನು ಮೊದಲು ತಿಳಿಯಬೇಕು.

ಕುಂಟೆಯ ಲೆಕ್ಕ

ಬಾಯಿಯ ಒಳಭಾಗವನ್ನು ಹೊದಿಸಿರುವ ತೇವವಾದ ಪೊರೆಗೆ ಲೋಳೆಪೊರೆ ಎಂದು ಹೆಸರು. ಇದರ ಮೇಲ್ಭಾಗದಲ್ಲಿ ಜೀವಕೋಶಗಳು ಪದರಪದರವಾಗಿ ಅಡಕಗೊಂಡಿವೆ. ತಳದ ಪದರದಲ್ಲಿ ಕೋಶಗಳು ಇಬ್ಭಾಗವಾಗಿ ಹೊಸ ಕೋಶಗಳು ಹುಟ್ಟುತ್ತವೆ. ಅವು ಮೆಲ್ಲಮೆಲ್ಲನೆ ಮೇಲಕ್ಕೆ ಸರಿದು, ಕೊನೆಗೆ ಸವೆದು ಉದುರಿ, ಜೊಲ್ಲಿನೊಡನೆ ಹೊಟ್ಟೆಯನ್ನು ಸೇರುತ್ತವೆ. ಚರ್ಮದಲ್ಲಿಯೂ ನಡೆಯುವುದು ಇದೇ ವ್ಯಾಪಾರ. ಆದರೆ ಒಳಗೆನ್ನೆಯಲ್ಲಿ ಅದರ ವೇಗ ಹೆಚ್ಚು. ಕೆಲವೇ ವಾರಗಳಲ್ಲಿ ಅಲ್ಲಿನ ಹೊದಿಕೆ ಸಂಪೂರ್ಣವಾಗಿ ಹೊಸದಾಗಿಬಿಡುತ್ತದೆ. ಬಿಸಿ ಕಾಫಿಯಿಂದ ಸುಟ್ಟ ಅಂಗುಳು ಕೆಲವೇ ದಿನಗಳಲ್ಲಿ ಸರಿಹೋಗುವುದಕ್ಕೆ ಇದೇ ಕಾರಣ.

ಊರ ಮುಂದಿನ ಕುಂಟೆಯನ್ನು ನೆನೆಯೋಣ. ಒಂದು ಕಡೆಯಿಂದ ನೀರು ಬರುತ್ತದೆ, ಇನ್ನೊಂದು ಕಡೆಯಿಂದ ಹೋಗುತ್ತದೆ. ಬರುವುದೂ ಹೋಗುವುದೂ ಸಮನಾಗಿರುವ ತನಕ ನೀರಿನ ಮಟ್ಟ ಬದಲಾಗದು. ನೋಡುವವರಿಗೆ ಕುಂಟೆ ನಿಶ್ಚಲ. ವಾಸ್ತವವಾಗಿ ನೀರು ಸದಾ ಬದಲಾಗುತ್ತಿದೆ. ಆರೋಗ್ಯವಾದ ಲೋಳೆಪೊರೆಯ ಸ್ಥಿತಿಯೂ ಹೀಗೆಯೇ. ಹುಣ್ಣೆಂದರೆ ಒಂದೆಡೆ ಮಟ್ಟವು ಒಮ್ಮೆಗೇ ಕುಸಿದಂತೆ. ಒಳಹರಿವು ಎಂದಿನಂತಿದ್ದರೆ ಒಂದೆರಡು ವಾರಗಳಲ್ಲಿ ಮಟ್ಟ ಮತ್ತೆ ಏರಲೇಬೇಕು. ಏರಲಿಲ್ಲವೆಂದರೆ ಕಾರಣಗಳು ಮೂರೇ ಬಗೆ. ಒಂದು, ಕೋಶಗಳನ್ನು ಕಟ್ಟಲು ಬೇಕಾದ ಸಾಮಗ್ರಿ ಸಾಲದೆ ಒಳಹರಿವೇ ಕುಗ್ಗಿದೆ. ಎರಡು, ಹುಣ್ಣನ್ನು ಉಂಟುಮಾಡಿದ ಕಾರಣ ಇನ್ನೂ ಕೆಲಸ ಮಾಡುತ್ತಲೇ ಇದೆ. ಅಂದರೆ ತೂತು ಮುಚ್ಚಿಲ್ಲ. ಮೂರು, ಆ ಸ್ಥಳದ ಕೋಶಗಳ ಸ್ವಭಾವವೇ ಕೆಟ್ಟು ಅವು ದೇಹದ ನಿಯಮವನ್ನು ಮೀರಿ ನಡೆಯುತ್ತಿವೆ.

ಇದರಿಂದ ಒಂದು ಮುಖ್ಯವಾದ ವಿಷಯ ಹೊರಡುತ್ತದೆ. ಹುಣ್ಣು ಎಷ್ಟು ದೊಡ್ಡದು, ಎಷ್ಟು ನೋಯುತ್ತದೆ ಎಂಬುದಕ್ಕಿಂತಲೂ, ಒಂದೇ ಸ್ಥಳದಲ್ಲಿ ಎಷ್ಟು ದಿನಗಳಿಂದ ಇದೆ ಎಂಬುದು ಹೆಚ್ಚು ಬೆಲೆಯುಳ್ಳ ಅಳತೆ. ಈ ಅಳತೆಗೆ ಬೇಕಾದ ಉಪಕರಣ ಪ್ರತಿ ಮನೆಯ ಗೋಡೆಯ ಮೇಲೂ ಇರುವ ಕ್ಯಾಲೆಂಡರು.

ಬಂದು ಹೋಗುವ ಹುಣ್ಣು

ಮೇಲೆ ಹೇಳಿದ ವಿದ್ಯಾರ್ಥಿಗಾಗುತ್ತಿದ್ದ ಹುಣ್ಣಿಗೆ ವೈದ್ಯರು ಆಫ್ತಸ್ ಹುಣ್ಣು ಎನ್ನುತ್ತಾರೆ. ಈ ಹೆಸರು ಪ್ರಾಚೀನ ಗ್ರೀಸಿನ ಹಿಪೊಕ್ರೆಟೀಸನ ಕಾಲದಿಂದ ಬಂದದ್ದು. ತುಟಿಯ ಮತ್ತು ಗೆನ್ನೆಯ ಒಳಮೈ, ನಾಲಗೆಯ ಅಂಚು ಮತ್ತು ತಳಭಾಗ, ಇವೇ ಅದರ ನೆಲೆಗಳು. ಬಹುಪಾಲು ಹುಣ್ಣುಗಳು ಒಂದು ಸೆಂಟಿಮೀಟರಿಗಿಂತ ಚಿಕ್ಕವು. ೭ರಿಂದ ೧೪ ದಿನಗಳಲ್ಲಿ ಕಲೆಯನ್ನೂ ಉಳಿಸದೆ ಮಾಯುತ್ತವೆ. ಕೆಲವರಲ್ಲಿ ಮಾತ್ರ ಒಂದು ಸೆಂಟಿಮೀಟರಿಗಿಂತ ದೊಡ್ಡದಾಗಿ, ಆಳವಾಗಿ, ಆರು ವಾರಗಳವರೆಗೂ ಉಳಿದು ಕಲೆಯನ್ನು ಬಿಡುತ್ತವೆ. ಇನ್ನು ಕೆಲವರಲ್ಲಿ ಸಾಸುವೆಯಷ್ಟು ಸಣ್ಣ ಹುಣ್ಣುಗಳು ಹತ್ತಾರು ಒಟ್ಟಿಗೆ ಏಳುತ್ತವೆ.

ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ದೇಹದ ರಕ್ಷಣೆಗೆಂದು ಇರುವ ಬಿಳಿಯ ರಕ್ತಕಣಗಳೇ ತಪ್ಪಾಗಿ ಲೋಳೆಪೊರೆಯ ಕೋಶಗಳ ಮೇಲೆ ಎರಗುವುದರಿಂದ ಇದು ಉಂಟಾಗುತ್ತದೆಂದು ತಿಳಿದುಬಂದಿದೆ. ಅವು ಹೀಗೇಕೆ ಎರಗುತ್ತವೆಂಬುದು ಪೂರ್ಣವಾಗಿ ಬಗೆಹರಿದಿಲ್ಲ. ಮನೆತನದಲ್ಲಿ ಬರುವ ಒಲವು, ಹಲ್ಲು ಕಚ್ಚಿ ಆದ ಗಾಯ, ಚಿಂತೆ, ಕೆಲವು ಹೆಂಗಸರಲ್ಲಿ ಮಾಸಿಕ ಋತುಚಕ್ರ, ಇವು ಅದನ್ನು ಪ್ರಚೋದಿಸುತ್ತವೆ. ಹಲ್ಲುಜ್ಜುವ ಪೇಸ್ಟಿನಲ್ಲಿ ನೊರೆ ಬರಿಸಲು ಸೇರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರಿಗೆ ಒಗ್ಗುವುದಿಲ್ಲ. ಅಂಥವರು ಆ ವಸ್ತುವಿಲ್ಲದ ಪೇಸ್ಟನ್ನು ಬಳಸಿ ನೋಡಬಹುದು.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಗಮನಿಸಬೇಕು. ಮರಳಿ ಮರಳಿ ಬರುವ ಹುಣ್ಣು ಬೇರೆ, ಹೋಗದೆ ನಿಂತ ಹುಣ್ಣು ಬೇರೆ. ಮೊದಲನೆಯದು ಲೋಲಕದಂತೆ ಬರುತ್ತದೆ, ಹೋಗುತ್ತದೆ. ಪ್ರತಿಸಲವೂ ಸ್ಥಳ ಬದಲಾಗುತ್ತದೆ. ನಡುವೆ ಬಾಯಿ ಪೂರ್ತಿ ಸ್ವಸ್ಥವಾಗಿರುತ್ತದೆ. ಎರಡನೆಯದು ಒಂದೇ ಕಡೆ ನೆಲೆಯೂರಿ ನಿಲ್ಲುತ್ತದೆ. "ನನಗೆ ಆರು ತಿಂಗಳಿಂದ ಬಾಯಿಹುಣ್ಣು" ಎಂಬ ಒಂದೇ ಮಾತು ಈ ಎರಡಕ್ಕೂ ಸಲ್ಲುವುದರಿಂದ ಕೇಳುವವರು ಎರಡನ್ನೂ ಬೆರೆಸಿಬಿಡುತ್ತಾರೆ.

ಸಾಮಗ್ರಿ ಸಾಲದಾದಾಗ

ಬೇಗ ಬೇಗ ಇಬ್ಭಾಗವಾಗುವ ಕೋಶಗಳಿಗೆ ಸಾಮಗ್ರಿಯ ಕೊರತೆ ಬೇಗ ತಟ್ಟುತ್ತದೆ. ರಕ್ತಕಣಗಳನ್ನು ತಯಾರಿಸುವ ಎಲುಬಿನ ಮಜ್ಜೆಯೂ ಬಾಯಿಯ ಲೋಳೆಪೊರೆಯೂ ಈ ಜಾತಿಯವು. ಆದುದರಿಂದಲೇ ಕಬ್ಬಿಣ, ಫೋಲಿಕ್ ಆಮ್ಲ, ಬಿ-೧೨ ಜೀವಸತ್ತ್ವ, ಇವುಗಳಲ್ಲಿ ಯಾವುದು ಕಡಿಮೆಯಾದರೂ ಒಂದು ಕಡೆ ರಕ್ತಹೀನತೆಯೂ ಇನ್ನೊಂದು ಕಡೆ ನಾಲಗೆ ನುಣುಪಾಗಿ ಉರಿಯುವುದು, ಬಾಯಿಹುಣ್ಣು ಮರುಕಳಿಸುವುದು ಮೊದಲಾದ ಚಿಹ್ನೆಗಳೂ ತೋರುತ್ತವೆ. ಎರಡನೆಯ ಬಿ ಜೀವಸತ್ತ್ವವಾದ ರೈಬೊಫ್ಲೇವಿನ್ ಸಾಲದಿದ್ದರೆ ಬಾಯಿಯ ಎರಡು ಮೂಲೆಗಳೂ ಬಿರಿಯುತ್ತವೆ.

ಈ ಜ್ಞಾನದ ಒಂದು ಭಾಗ ದೊರೆತದ್ದು ನಮ್ಮ ದೇಶದಲ್ಲಿಯೇ. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರವಾದ ರಕ್ತಹೀನತೆಯನ್ನು ಪರಿಶೀಲಿಸತೊಡಗಿದರು. ಯೀಸ್ಟಿನ ಸಾರವನ್ನು ಕೊಟ್ಟರೆ ಆ ರೋಗ ಗುಣವಾಗುವುದೆಂದು ೧೯೩೧ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಅದನ್ನು ೧೯೪೦ರ ದಶಕದಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿದ ತಂಡಕ್ಕೆ ನಾಯಕರಾಗಿದ್ದವರು ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ೧೯೬೦ರಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ದಖನ್ ಪ್ರಸ್ಥಭೂಮಿಯಲ್ಲಿ ಜೋಳವೊಂದನ್ನೇ ನಂಬಿದ ಬಡವರಿಗೆ ಬರುತ್ತಿದ್ದ ಪೆಲಾಗ್ರ ರೋಗದತ್ತ ವಿಜ್ಞಾನಿಗಳ ಗಮನವನ್ನು ಸೆಳೆದರು. ನಯಾಸಿನ್ ಜೀವಸತ್ತ್ವದ ಅಭಾವದಿಂದಾಗುವ ಈ ರೋಗದಲ್ಲಿ ಚರ್ಮ ಕಪ್ಪಾಗುವುದರೊಡನೆ ನಾಲಗೆಯೂ ಕೆಂಪೇರಿ ಹುಣ್ಣಾಗುತ್ತದೆ.

ನಮ್ಮ ಸೀಮೆಯ ಆಹಾರ ರಾಗಿ. ಅದರಲ್ಲಿ ಸುಣ್ಣದಂಶ ಹೇರಳವಾಗಿದೆ, ಕಬ್ಬಿಣವೂ ಇದೆ. ಆದರೆ ಬಿ-೧೨ ರಾಗಿಯಲ್ಲಿಲ್ಲ. ಯಾವ ಧಾನ್ಯದಲ್ಲಿಯೂ ಸೊಪ್ಪಿನಲ್ಲಿಯೂ ಇಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಬರಬೇಕು. ಮನೆಯ ಹಾಲನ್ನೆಲ್ಲ ಡೈರಿಗೆ ಅಳೆದು, ಉಳಿದ ಹನಿಯನ್ನು ಕಾಫಿಗೆ ಬೆರೆಸಿ, ಮುದ್ದೆ ಸಾರಿನಲ್ಲಿಯೇ ದಿನ ಕಳೆಯುವ ಮನೆಯಲ್ಲಿ ಈ ಕೊರತೆ ಉಂಟಾಗುವುದು ಆಶ್ಚರ್ಯವಲ್ಲ. ಮಜ್ಜಿಗೆಯಿಂದ ಬಾಯಿಹುಣ್ಣು ಗುಣವಾಯಿತೆಂಬ ಅನುಭವದಲ್ಲಿ ಕೆಲವೊಮ್ಮೆ ಸತ್ಯವಿದ್ದರೆ, ಅದಕ್ಕೆ ಕಾರಣ ಮಜ್ಜಿಗೆಯ ತಂಪಲ್ಲದೆ ಅದರ ಜೀವಸತ್ತ್ವವೂ ಇರಬಹುದು.

ಕೊರತೆಯಿದೆಯೆಂದು ಊಹಿಸಿ ತಾವೇ ಮಾತ್ರೆ ನುಂಗುವವರು ಒಂದು ಅಪಾಯವನ್ನು ತಿಳಿದಿರಬೇಕು. ಬಿ-೧೨ ಕಡಿಮೆಯಿರುವವನು ಫೋಲಿಕ್ ಆಮ್ಲವೊಂದನ್ನೇ ಸೇವಿಸಿದರೆ ರಕ್ತಹೀನತೆ ಸರಿಹೋದಂತೆ ತೋರುತ್ತದೆ; ಆದರೆ ನರಗಳ ಕ್ಷಯ ಒಳಗೊಳಗೇ ಮುಂದುವರಿಯುತ್ತದೆ. ಆದುದರಿಂದ ರಕ್ತಪರೀಕ್ಷೆ ಮೊದಲು, ಮಾತ್ರೆ ಅನಂತರ.

ಕಾರಣ ತೊಲಗದಾದಾಗ

ಎರಡನೆಯ ಬಗೆಯಲ್ಲಿ ಹುಣ್ಣಿನ ಕಾರಣ ದಿನದಿನವೂ ಕೆಲಸ ಮಾಡುತ್ತಿರುತ್ತದೆ. ಇವುಗಳಲ್ಲಿ ಅತಿ ಸರಳವಾದುದು ಮುರಿದ ಹಲ್ಲಿನ ಚೂಪು ಅಂಚು ಅಥವಾ ಸರಿಯಾಗಿ ಕೂರದ ಕಟ್ಟಿಸಿದ ಹಲ್ಲು. ಮಾತನಾಡುವಾಗ, ಅಗಿಯುವಾಗ, ನುಂಗುವಾಗ ನಾಲಗೆ ಅದಕ್ಕೆ ಸಾವಿರ ಸಲ ಉಜ್ಜುತ್ತದೆ. ಎಷ್ಟು ಮುಲಾಮು ಹಚ್ಚಿದರೂ ವ್ಯರ್ಥ. ದಂತವೈದ್ಯರು ಆ ಅಂಚನ್ನು ಅರೆದು ನುಣುಪು ಮಾಡಿದರೆ ಎರಡು ವಾರಗಳಲ್ಲಿ ಹುಣ್ಣು ಮಾಯಬೇಕು. ಮಾಯದಿದ್ದರೆ ಹಲ್ಲು ನೆಪ, ಕಾರಣ ಬೇರೆ ಎಂದು ತಿಳಿಯಬೇಕು.

ರಾಸಾಯನಿಕ ಸುಡುವಿಕೆ ಇನ್ನೊಂದು. ಎಲೆಯಡಿಕೆಗೆ ಹಚ್ಚುವ ಸುಣ್ಣದ ತಿಳಿನೀರಿನ ಪಿಎಚ್ ಮಾನ ಸುಮಾರು ೧೨.೪, ಜೊಲ್ಲಿನದು ಸುಮಾರು ೭. ಈ ಮಾನದಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸವಿರುವುದರಿಂದ ಸುಣ್ಣದ ಕ್ಷಾರತೆ ಜೊಲ್ಲಿಗಿಂತ ಲಕ್ಷಕ್ಕೂ ಮಿಗಿಲು ಪಟ್ಟು ಹೆಚ್ಚೆಂದಾಯಿತು. ಅಂಥ ವಸ್ತುವನ್ನು ಒಂದೇ ಗೆನ್ನೆಯಲ್ಲಿ ಹೊತ್ತುಗಟ್ಟಲೆ ಇಟ್ಟುಕೊಂಡರೆ ಪೊರೆ ಬೇಯುವುದು ಸಹಜ. ಹಲ್ಲುನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ನುಂಗದೆ ಒಸಡಿನ ಪಕ್ಕದಲ್ಲಿ ಇಟ್ಟುಕೊಳ್ಳುವವರಿಗೂ ಹೀಗೆಯೇ ಸುಟ್ಟಗಾಯವಾಗುತ್ತದೆ.

ಕೆಲವು ಔಷಧಗಳೂ ಕಾರಣವಾಗಬಲ್ಲವು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪಿ ದಿನವೂ ಸೇವಿಸಿದರೆ ಪ್ರಾಣಾಪಾಯ. ಬಾಯಿಯ ತುಂಬ ಹುಣ್ಣೇಳುವುದು ಅದರ ಮುನ್ಸೂಚನೆಗಳಲ್ಲೊಂದು. ಹಾಗಾದಲ್ಲಿ ಎರಡು ವಾರ ಕಾಯುವ ಮಾತಿಲ್ಲ, ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಮಧುಮೇಹಿಗಳಿಗೂ ಉಬ್ಬಸಕ್ಕೆ ಸ್ಟೆರಾಯ್ಡ್ ಔಷಧವನ್ನು ಬಾಯಿಂದ ಸೆಳೆದುಕೊಳ್ಳುವವರಿಗೂ ಕ್ಯಾಂಡಿಡ ಎಂಬ ಶಿಲೀಂಧ್ರ ಬೆಳೆದು ಬಾಯಿ ಬಿಳಿಚಿ ಉರಿಯಬಹುದು. ಔಷಧ ಸೆಳೆದ ಮೇಲೆ ಬಾಯಿ ಮುಕ್ಕಳಿಸುವುದು ಇದಕ್ಕೆ ತಡೆ. ಕ್ಷಯ, ಸಿಫಿಲಿಸ್, ಎಚ್‌ಐವಿ ಸೋಂಕು ಇವುಗಳೂ ಮಾಯದ ಹುಣ್ಣಾಗಿ ಬಾಯಲ್ಲಿ ತಲೆದೋರುವುದುಂಟು.

ದೇಹದ ರಕ್ಷಣಾವ್ಯವಸ್ಥೆಯೇ ತಿರುಗಿಬಿದ್ದು ಉಂಟಾಗುವ ರೋಗಗಳ ಗುಂಪೊಂದಿದೆ. ಲೈಕನ್ ಪ್ಲೇನಸ್ಸಿನಲ್ಲಿ ಎರಡು ಗೆನ್ನೆಗಳಲ್ಲಿಯೂ ಬಿಳಿಯ ಎಳೆಗಳ ಜಾಲರಿ ಕಾಣುತ್ತದೆ. ಪೆಂಫಿಗಸ್ಸಿನಲ್ಲಿ ಕೋಶಕ್ಕೂ ಕೋಶಕ್ಕೂ ಇರುವ ಬೆಸುಗೆಯನ್ನೇ ದೇಹದ ಪ್ರತಿಕಾಯಗಳು ಬಿಚ್ಚಿಬಿಡುತ್ತವೆ. ಮೈಮೇಲೆ ಗುಳ್ಳೆ ಏಳುವುದಕ್ಕೆ ತಿಂಗಳುಗಳ ಮುಂಚೆಯೇ ಇದು ಬರಿಯ ಬಾಯಿಹುಣ್ಣಾಗಿ ಆರಂಭವಾಗುವುದುಂಟು. ಬಾಯಿ, ಜನನಾಂಗ, ಕಣ್ಣು ಈ ಮೂರನ್ನೂ ಬಾಧಿಸುವ ರೋಗವೊಂದನ್ನು ೧೯೩೭ರಲ್ಲಿ ತುರ್ಕಿಯ ವೈದ್ಯ ಹುಲುಸಿ ಬೆಹ್‌ಚೆಟ್ ವರ್ಣಿಸಿದರು. ಆದುದರಿಂದ ಬಾಯಿಹುಣ್ಣಿನೊಡನೆ ಜ್ವರ, ಕಣ್ಣು ಕೆಂಪಾಗುವುದು, ಕೀಲುನೋವು, ಬಹುದಿನದ ಭೇದಿ, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮರೆಯದೆ ತಿಳಿಸಬೇಕು.

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಸಹಜವಾಗಿ ಏಳುವ ಸಂದೇಹವೊಂದಿದೆ. ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಈ ಹುಣ್ಣಿಗೆ ಕಾರಣವಾಗಿರಬಹುದೆ? ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ೧.೫ ಮಿಲಿಗ್ರಾಂ ಮೀರಬಾರದು. ಮೀರಿದಲ್ಲಿ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಂದು ಕಲೆಗಳೂ ಮುಂದೆ ಎಲುಬಿನ ತೊಂದರೆಯೂ ಉಂಟಾಗುತ್ತವೆ. ಅದು ಗಂಭೀರವಾದ ಸಮಸ್ಯೆಯೇ. ಆದರೆ ಹಲ್ಲಿನ ಕಲೆಯ ಕಥೆ ಬೇರೆ, ಹುಣ್ಣಿನ ಕಥೆ ಬೇರೆ.

ನೋಯದ ಹುಣ್ಣು

ಈಗ ಮೂರನೆಯ ಬಗೆಗೆ ಬರೋಣ. ಕೋಶಗಳು ನಿಯಮವನ್ನು ಮೀರಿ ಬೆಳೆಯುವ ರೋಗವೇ ಅರ್ಬುದ, ಅಂದರೆ ಕ್ಯಾನ್ಸರ್. ಇಲ್ಲಿ ಕುಂಟೆಯ ಹೋಲಿಕೆ ಸಾಲದು. ಏಕೆಂದರೆ ಇಲ್ಲಿ ಕೋಶಗಳು ಕಡಿಮೆ ಹುಟ್ಟುವುದಿಲ್ಲ, ಹೆಚ್ಚೇ ಹುಟ್ಟುತ್ತವೆ. ಆದರೆ ಕ್ರಮವಾದ ಹೊದಿಕೆಯನ್ನು ಕಟ್ಟದೆ ಆಳಕ್ಕೆ ಬೇರಿಳಿಸುತ್ತವೆ. ನಾಲಗೆಯ ಅಂಚು, ನಾಲಗೆಯ ಅಡಿ, ತಂಬಾಕನ್ನು ಒತ್ತರಿಸಿಡುವ ಗೆನ್ನೆ ಇವು ಅದರ ಮುಖ್ಯ ಸ್ಥಾನಗಳು. ಅಂಚು ದಪ್ಪವಾಗಿ ಎದ್ದಿರುವುದು, ಮುಟ್ಟಿದರೆ ಗಟ್ಟಿಯಾಗಿರುವುದು, ತಾನಾಗಿ ರಕ್ತ ಒಸರುವುದು, ಕುತ್ತಿಗೆಯಲ್ಲಿ ಗಂಟು, ಇವು ಅದರ ಲಕ್ಷಣಗಳು. ಒರೆಸಿದರೆ ಹೋಗದ ಬಿಳಿಯ ತೇಪೆಯೂ, ಅದಕ್ಕಿಂತ ಹೆಚ್ಚಾಗಿ ಮಕಮಲ್ಲಿನಂತಹ ಕೆಂಪು ತೇಪೆಯೂ ಕ್ಯಾನ್ಸರಿಗೆ ಮುಂಚಿನ ಹೆಜ್ಜೆಗಳಾಗಿರಬಹುದು. ಆದರೆ ಮೊದಮೊದಲು ಇದರಲ್ಲಿ ನೋವೇ ಇರದಿರಬಹುದು. ಸಾಧಾರಣ ಹುಣ್ಣು ನೋಯುತ್ತದೆಂದು ಎಲ್ಲರೂ ಅದನ್ನು ಗಮನಿಸುತ್ತಾರೆ. ನೋಯದ ಹುಣ್ಣನ್ನು ಪುಣ್ಯವೆಂದು ಮರೆಯುತ್ತಾರೆ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ೧೯೭೩ರಲ್ಲಿ ಆರಂಭವಾಯಿತು. ನಗರದ ಕ್ಯಾನ್ಸರ್ ರೋಗಿಗಳ ವಿವರಗಳನ್ನು ಕ್ರಮವಾಗಿ ದಾಖಲಿಸುವ ಕಾರ್ಯವೂ ೧೯೮೦ರ ದಶಕದ ಆರಂಭದಿಂದ ಅಲ್ಲಿ ನಡೆದುಬಂದಿದೆ. ಈ ದಾಖಲೆಯನ್ನು ಆಧರಿಸಿ ಎ. ನಂದಕುಮಾರ್ ಮತ್ತು ಅವರ ಸಹೋದ್ಯೋಗಿಗಳು ೧೯೯೦ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಬಾಯಿಯ ಕ್ಯಾನ್ಸರ್ ಆದ ೩೪೮ ಜನರನ್ನು ಆ ರೋಗವಿಲ್ಲದವರೊಡನೆ ಹೋಲಿಸಿ ನೋಡಿದಾಗ, ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ಅಗಿಯುವ ಹೆಂಗಸರಲ್ಲಿ ಅಪಾಯವು ಅಗಿಯದವರಿಗಿಂತ ಸುಮಾರು ೨೫ ಪಟ್ಟು ಹೆಚ್ಚೆಂದು ಕಂಡುಬಂದಿತು. ಅಗಿದ ವರ್ಷಗಳು, ದಿನಕ್ಕೆ ಎಷ್ಟು ಸಲ, ಒಂದೊಂದು ಸಲವೂ ಬಾಯಲ್ಲಿ ಎಷ್ಟು ಹೊತ್ತು, ಇವು ಹೆಚ್ಚಿದಂತೆಲ್ಲ ಅಪಾಯವೂ ಏರುತ್ತಿತ್ತು. ಹೊಗೆಸೊಪ್ಪಿನ ಉಂಡೆಯನ್ನು ದವಡೆಯಲ್ಲಿಟ್ಟುಕೊಂಡೇ ನಿದ್ದೆಹೋಗುವವರಲ್ಲಿ ಅದು ೧೭ ಪಟ್ಟಿಗೂ ಮಿಗಿಲಾಗಿತ್ತು. ನಮ್ಮ ಹಳ್ಳಿಗಳಲ್ಲಿ ಹೀಗೆ ಮಲಗುವ ಅಜ್ಜಿಯರನ್ನು ಕಾಣದವರಾರು?

ಅದೇ ಅಧ್ಯಯನದಲ್ಲಿ ಇನ್ನೊಂದು ಕುತೂಹಲಕರ ಸಂಗತಿ ತೋರಿತು: ರಾಗಿಯನ್ನು ಮುಖ್ಯ ಆಹಾರವಾಗಿ ಉಣ್ಣುವವರಲ್ಲಿಯೂ ಅಪಾಯ ಹೆಚ್ಚು ಕಂಡಿತು. ಹಾಗೆಂದು ರಾಗಿಮುದ್ದೆಯನ್ನು ಬಿಡಬೇಕೆ? ಬೇಡ. ಎರಡು ಸಂಗತಿಗಳು ಒಟ್ಟಿಗೆ ಕಂಡುವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದಾಗದು. ರಾಗಿಯ ಜೊತೆಯಲ್ಲಿ ಬಡತನವಿರಬಹುದು, ಹಣ್ಣು, ಹಾಲು ಇಲ್ಲದ ಊಟವಿರಬಹುದು, ಆರೈಕೆಯಿಲ್ಲದ ಹಲ್ಲಿರಬಹುದು. ಒಂದು ಅಧ್ಯಯನವು ಪ್ರಶ್ನೆಯನ್ನು ಎತ್ತುತ್ತದೆ. ತೀರ್ಪು ಕೊಡಲು ಅನೇಕ ಅಧ್ಯಯನಗಳು ಬೇಕು. ಹೊಗೆಸೊಪ್ಪಿನ ವಿಷಯದಲ್ಲಿ ಅಂಥ ತೀರ್ಪು ಆಗಿದೆ, ರಾಗಿಯ ವಿಷಯದಲ್ಲಿ ಆಗಿಲ್ಲ. ಅಡಿಕೆಯ ಮಾತೂ ಇಂತಹುದೇ. ಹೊಗೆಸೊಪ್ಪಿಲ್ಲದ ಎಲೆಯಡಿಕೆಯಿಂದ ಅಪಾಯ ಹೆಚ್ಚಿದಂತೆ ಬೆಂಗಳೂರಿನ ಅಧ್ಯಯನದಲ್ಲಿ ಕಾಣಲಿಲ್ಲ. ಆದರೆ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅಂತರರಾಷ್ಟ್ರೀಯ 'ಕ್ಯಾನ್ಸರ್ ಸಂಶೋಧನಾ ಸಂಸ್ಥೆ'ಯು ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯೂ ಸ್ವತಃ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದವರಾದ ನಮಗೆ ಇದು ಕಹಿಯಾದ ಮಾತು. ಆದರೂ ಕೇಳಲೇಬೇಕಾದ ಮಾತು.

ಅಡಿಕೆಯಿಂದ ಆಗುವ ಇನ್ನೊಂದು ರೋಗದಲ್ಲಿ ಲೋಳೆಪೊರೆಯ ಕೆಳಗೆ ನಾರು ಕಟ್ಟಿ ಗೆನ್ನೆ ಗಡುಸಾಗುತ್ತದೆ. ಖಾರ ತಾಗಿದರೆ ಉರಿ. ಬರುಬರುತ್ತ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ೧೯೫೨ರಲ್ಲಿ ಷ್ವಾರ್ಟ್ಸ್ ವರ್ಣಿಸಿದರು. ಮರುವರ್ಷ ಮುಂಬಯಿಯ ಎಸ್. ಜಿ. ಜೋಶಿ ಅವರು ನಾರುಗಟ್ಟುವಿಕೆಯೆಂಬ ಅರ್ಥದ ಹೆಸರನ್ನು ಕೊಟ್ಟರು. ನಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಬಲ್ಲುಗಳ ನಡುವೆ ತೂರಿಸಲು ಸಾಮಾನ್ಯವಾಗಿ ಸಾಧ್ಯವಾಗಬೇಕು. ಆಗದಿದ್ದರೆ ಪರೀಕ್ಷೆ ಅಗತ್ಯ. ಹಿಂದೆ ವೃದ್ಧರಲ್ಲಿ ಹೆಚ್ಚಾಗಿದ್ದ ಈ ರೋಗವು ಗುಟ್ಕಾ ಮತ್ತು ಪಾನ್‌ಮಸಾಲ ಪೊಟ್ಟಣಗಳು ಬಂದ ಮೇಲೆ ಹುಡುಗರನ್ನೂ ಹಿಡಿಯಿತು. ಕರ್ನಾಟಕದಲ್ಲಿ ೨೦೧೩ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪಾನ್‌ಮಸಾಲವನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವ ಉಪಾಯವನ್ನು ಜನ ಕಂಡುಕೊಂಡರು. ನಿಷೇಧವು ಪೊಟ್ಟಣದ ಮೇಲೆ. ರೋಗವು ಒಳಗಿನ ವಸ್ತುವಿನಿಂದ.

ಚಿಕಿತ್ಸೆ

ಸಾಧಾರಣ ಹುಣ್ಣಿಗೆ ಮನೆಯಲ್ಲಿ ಮಾಡಬಹುದಾದುದು ಉಪ್ಪುನೀರಿನ ಮುಕ್ಕಳಿಕೆ. ರಕ್ತದ ಸಾಂದ್ರತೆಗೆ ಸರಿಹೊಂದುವ ಉಪ್ಪುನೀರಿನಲ್ಲಿ ಲೀಟರಿಗೆ ೯ ಗ್ರಾಂ ಉಪ್ಪಿರುತ್ತದೆ. ಅಂದರೆ ಒಂದು ದೊಡ್ಡ ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಸಾಕು. ಹೆಚ್ಚು ಉಪ್ಪು ಹೆಚ್ಚು ಗುಣವೆಂಬುದು ತಪ್ಪು. ಗಾಢವಾದ ದ್ರಾವಣವು ಪರಾಸರಣದ ನಿಯಮದಂತೆ ಕೋಶಗಳಿಂದ ನೀರನ್ನು ಸೆಳೆದು ಉರಿಯನ್ನು ಹೆಚ್ಚಿಸುತ್ತದೆ. ಖಾರ, ಹುಳಿ, ಅತಿ ಬಿಸಿ ಪದಾರ್ಥಗಳನ್ನು ಕೆಲವು ದಿನ ಬಿಡುವುದು, ಮೃದುವಾದ ಬ್ರಷ್ಷನ್ನು ಬಳಸುವುದು ಒಳ್ಳೆಯದು. ಹಲ್ಲಿನ ಕೊಳೆಯನ್ನು ತಡೆಯಲು ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನೂ, ಮರುಕಳಿಸುವ ಹುಣ್ಣಿಗೆ ಟ್ರೈಯಾಮ್ಸಿನೊಲೋನ್ ಎಂಬ ಸ್ಟೆರಾಯ್ಡ್ ಲೇಪವನ್ನೂ ವೈದ್ಯರು ಕೊಡುತ್ತಾರೆ. ಕಾರಣ ತಿಳಿಯದ ಹುಣ್ಣಿಗೆ ಅಂಗಡಿಯಿಂದ ತಂದ ಸ್ಟೆರಾಯ್ಡ್ ಲೇಪವನ್ನು ತಿಂಗಳುಗಟ್ಟಲೆ ತಾವಾಗಿಯೇ ಹಚ್ಚಬಾರದು. ಸೋಂಕಿದ್ದರೆ ಅದು ಬಲಿಯುತ್ತದೆ, ಕ್ಯಾನ್ಸರಾಗಿದ್ದರೆ ಕಾಲ ವ್ಯರ್ಥವಾಗುತ್ತದೆ.

ಮಾಯದ ಹುಣ್ಣಿಗೆ ಚಿಕಿತ್ಸೆಯೆಂದರೆ ಕಾರಣವನ್ನು ಹುಡುಕುವುದೇ. ವೈದ್ಯರು ಮೊದಲು ಕೇಳುತ್ತಾರೆ, ಅನಂತರ ನೋಡುತ್ತಾರೆ, ಬೆರಳಿನಿಂದ ಮುಟ್ಟುತ್ತಾರೆ. ಹಿಮೊಗ್ಲೋಬಿನ್, ಕಬ್ಬಿಣ, ಬಿ-೧೨, ಸಕ್ಕರೆ ಇವುಗಳಿಗಾಗಿ ರಕ್ತವನ್ನು ಪರೀಕ್ಷಿಸುತ್ತಾರೆ. ಸಂಶಯವಿದ್ದರೆ ಆ ಸ್ಥಳವನ್ನು ಮರಗಟ್ಟಿಸಿ ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ. ಕತ್ತಿ ತಾಗಿದರೆ ರೋಗ ಹರಡುತ್ತದೆಂದು ಹೆದರಿ ಇದನ್ನು ಮುಂದೂಡುವವರು ಬಹಳ. ಆ ಭಯಕ್ಕೆ ಆಧಾರವಿಲ್ಲ. ಹರಡುವುದು ರೋಗದ ಸ್ವಭಾವ. ಅದಕ್ಕೆ ಅವಕಾಶ ಕೊಡುವುದು ನಮ್ಮ ವಿಳಂಬ.

ಕನ್ನಡಿ ಮತ್ತು ಕ್ಯಾಲೆಂಡರು

ಬಾಯಿಯ ಕ್ಯಾನ್ಸರನ್ನು ಬೇಗ ಗುರುತಿಸಲು ದುಬಾರಿ ಯಂತ್ರಗಳು ಬೇಕೆಂದೇನೂ ಇಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ೧೯೯೬ರಲ್ಲಿ ಆರಂಭವಾದ ಪ್ರಯೋಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯನ್ನು ಬೆಳಕಿನಲ್ಲಿ ನೋಡಿದರು, ಅಷ್ಟೆ. ೨೦೦೫ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಈ ರೋಗದ ಸಾವುಗಳು ಸುಮಾರು ಶೇಕಡ ೩೪ರಷ್ಟು ಕಡಿಮೆಯಾದುವು. ಕಣ್ಣು ಮತ್ತು ಬೆಳಕು ಇಷ್ಟು ಕೆಲಸ ಮಾಡಬಲ್ಲವು.

ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು, ಒಳ್ಳೆಯ ಬೆಳಕಿನಲ್ಲಿ, ತುಟಿಗಳ ಒಳಮೈ, ಎರಡು ಗೆನ್ನೆ, ಒಸಡು, ಅಂಗುಳು, ನಾಲಗೆಯ ಮೇಲೆ, ಕೆಳಗೆ ಮತ್ತು ಎರಡು ಅಂಚುಗಳು, ಹೀಗೆ ಕ್ರಮವಾಗಿ ನೋಡುವುದಕ್ಕೆ ಎರಡು ನಿಮಿಷ ಸಾಕು. ಹುಣ್ಣು ಕಂಡರೆ ಆ ದಿನದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತಿಸಿರಿ. ಎರಡು ವಾರ ಕಾಯಿರಿ. ಮೂರನೆಯ ವಾರ ದಾಟಗೊಡಬೇಡಿರಿ. ಅಷ್ಟರಲ್ಲಿ ಮಾಯದಿದ್ದರೆ, ನೋವಿರಲಿ ಇಲ್ಲದಿರಲಿ, ದಂತವೈದ್ಯರಿಗೆ ಅಥವಾ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿರಿ. ನಿಮ್ಮ ಬಾಯನ್ನು ನೋಡಿಕೊಂಡ ಮೇಲೆ ಮನೆಯ ಹಿರಿಯರ ಬಾಯನ್ನೂ ನೋಡಿರಿ. ಅವರು ತಾವಾಗಿ ಹೇಳುವುದಿಲ್ಲ.

ಕುಡುಮಲಕುಂಟೆಯ ಆ ವಿದ್ಯಾರ್ಥಿಯ ರಕ್ತದಲ್ಲಿ ಕಬ್ಬಿಣ ಕಡಿಮೆಯಿತ್ತು. ಮಾತ್ರೆ ಸೇವಿಸಿದ ಮೇಲೆ ಅವನ ಹುಣ್ಣುಗಳು ವಿರಳವಾದುವು. ಪಠ್ಯದಲ್ಲಿನ ವಿಕಿರಣದ ಪಾಠದ ನೆಪದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಮಾತು ಬಂದ ದಿನ ನಮಗೆ ಅವನ ಅಜ್ಜಿಯ ನೆನಪಾಯಿತು. ಆಗ ದೀಪಾವಳಿ ಕಳೆದಿತ್ತು. ಮರುದಿನವೇ ಅವರನ್ನು ಕರೆದೊಯ್ಯುವಂತೆ ಅವನಿಗೆ ಹೇಳಿದೆವು. ಹೊಗೆಸೊಪ್ಪು ಇಡುತ್ತಿದ್ದ ಎಡಗೆನ್ನೆಯಲ್ಲಿಯೇ ಕ್ಯಾನ್ಸರ್ ಇತ್ತು. ಇನ್ನೂ ಕುತ್ತಿಗೆಗೆ ಇಳಿದಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಈಗ ಅವರು ಮುದ್ದೆಯನ್ನು ಮೆತ್ತಗೆ ಮಾಡಿಸಿಕೊಂಡು ಬಲಗಡೆಯಿಂದ ನುಂಗುತ್ತಾರೆ. ಹೊಗೆಸೊಪ್ಪಿನ ಚೀಲವನ್ನು ಮೊಮ್ಮಗನೇ ಒಲೆಗೆ ಹಾಕಿದನಂತೆ. ನಾವು ಗಣೇಶನ ಹಬ್ಬದಲ್ಲಿಯೇ ಕೇಳಿದ್ದರೆ ಕತ್ತರಿಸಬೇಕಾದುದು ಇನ್ನೂ ಚಿಕ್ಕದಾಗಿರುತ್ತಿತ್ತು. "ಎಷ್ಟು ದಿನದಿಂದ ಇದೆ?" ಎಂಬ ಪ್ರಶ್ನೆಗೆ ಉತ್ತರವನ್ನು ಆ ಹುಡುಗನು ಅಂದೇ ಹೇಳಿದ್ದನು, ಅದನ್ನು ಕೇಳಿಸಿಕೊಳ್ಳುವುದಷ್ಟೇ ನಮ್ಮಿಂದ ಆಗಬೇಕಾಗಿತ್ತು.